ಕಲ್ಲು ನೆಡುವ ಮೊದಲು ಅಲ್ಲೇನಿತ್ತು?

ಓದುಗರ ಪ್ರಶ್ನೆ: ಮನೆ ಮತ್ತು ನಿವೇಶನ

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಮೈಸೂರು ಮತ್ತು ಮಂಡ್ಯದ ಅಂಚಿನಲ್ಲಿ ಏಳುತ್ತಿರುವ ಬಡಾವಣೆಗಳನ್ನು ಕುರಿತವು. ಬೆಲೆ ಏರುತ್ತದೆಯೇ ಎಂದಷ್ಟೇ ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಅದನ್ನು ಹೇಳಬಲ್ಲವನು ನಾನಲ್ಲ. ವಾಸಕ್ಕೆಂದು ಜಾಗ ಹುಡುಕುತ್ತಿರುವವರ ಪ್ರಶ್ನೆಗಳನ್ನು ಮಾತ್ರ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ ಶಾಲಾ ಶಿಕ್ಷಕಿ. ಮೈಸೂರಿನ ಹೊರವರ್ತುಲ ರಸ್ತೆಯ ಆಚೆ ಎರಡು ಬಡಾವಣೆಗಳಲ್ಲಿ 30–40ರ ನಿವೇಶನಗಳನ್ನು ನೋಡಿದ್ದೇವೆ. ಒಂದು ರಸ್ತೆಗೆ ಹತ್ತಿರ, ಸಮತಟ್ಟು, ಪಕ್ಕದಲ್ಲೇ ಕೆರೆ. ಇನ್ನೊಂದು ಮೂರು ಕಿಲೋಮೀಟರ್ ಒಳಗೆ, ದಿಬ್ಬದ ಮೇಲೆ, ಇಳಿಜಾರು. ಬೆಲೆ ಹೆಚ್ಚುಕಡಿಮೆ ಒಂದೇ. ಮನೆಯವರಿಗೆ ಕೆರೆಯ ನೋಟ ಬಹಳ ಹಿಡಿಸಿದೆ. ಯಾವುದನ್ನು ಆರಿಸಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಎರಡನ್ನೂ ಕಣ್ಣಾರೆ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಆದರೂ ನೀವು ಬರೆದಿರುವಷ್ಟನ್ನೇ ಓದಿದರೆ ನನ್ನ ಒಲವು ದಿಬ್ಬದ ಕಡೆಗೇ ಇದೆ. ಕೆರೆಯ ಪಕ್ಕ ಎಂದಿದ್ದೀರಿ, ಯಾವ ಪಕ್ಕ ಎಂದು ಬರೆದಿಲ್ಲ. ಏರಿಯ ಕೆಳಗಿನದಾದರೆ ಅದು ಹಿಂದೆ ಅಚ್ಚುಕಟ್ಟಿನ ಗದ್ದೆಯಾಗಿದ್ದಿರಬೇಕು. ಮಣ್ಣಿನಲ್ಲಿ ವರ್ಷವಿಡೀ ಪಸೆ ಇರುತ್ತದೆ, ಕೋಡಿ ಬಿದ್ದ ವರ್ಷ ಆ ನೀರು ಹಾದುಹೋಗುವ ದಾರಿಯೂ ಅದೇ ಆಗಿರಬಹುದು. ಏರಿಗೆ ಎದುರಿನ ಬದಿಯದಾದರೆ ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ಹರಡುತ್ತಿತ್ತು ಎಂಬುದೇ ಮುಖ್ಯವಾದ ಪ್ರಶ್ನೆ. ಬೇಸಿಗೆಯಲ್ಲಿ ಕಾಣುವ ನೀರಿನ ಅಂಚು ಕೆರೆಯ ಗಡಿಯಲ್ಲ.

ಮೈಸೂರು ಒಂದು ನೀರುಗಡಿಯ ಮೇಲೆ ಕುಳಿತ ಊರು. ಉತ್ತರದ ಇಳಿಜಾರಿಗೆ ಬಿದ್ದ ಮಳೆ ಕಾವೇರಿಯತ್ತಲೂ ದಕ್ಷಿಣದ್ದು ಕಬಿನಿಯತ್ತಲೂ ಹೋಗುತ್ತದೆ. ಈ ಎರಡೂ ಬದಿಯಲ್ಲಿ ನಮ್ಮ ಹಿರಿಯರು ಹಳ್ಳಗಳಿಗೆ ಅಡ್ಡವಾಗಿ ಏರಿ ಹಾಕಿ ಕೆರೆಗಳನ್ನು ಕಟ್ಟಿದರು. ಲಿಂಗಾಂಬುಧಿ ಕೆರೆ 1828ರಲ್ಲಿ, ಕುಕ್ಕರಹಳ್ಳಿ ಕೆರೆ 1864ರಲ್ಲಿ, ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದವು. ಹಿನಕಲ್ ಕಡೆಯಿಂದ ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಈಗ ಬಡಾವಣೆಗಳ ನಡುವೆ ತುಂಡುತುಂಡಾಗಿದೆ. ನಾಲೆ ಹೋದರೂ ಮಳೆ ನಿಂತಿಲ್ಲ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಲೆಕ್ಕ ಹಾಕಿ ನೋಡಿ: ಸಂಜೆಯ ಒಂದು ಜೋರು ಮಳೆಯಲ್ಲಿ 50 ಮಿಲಿಮೀಟರ್ ಬಿದ್ದರೆ ಒಂದು ಎಕರೆಗೆ ಸುಮಾರು 2 ಲಕ್ಷ ಲೀಟರ್ ನೀರು. ನಿಮ್ಮ ಬಡಾವಣೆಯ ಮೇಲ್ಭಾಗದಲ್ಲಿ ನೂರು ಎಕರೆ ಇಳಿಜಾರಿದ್ದರೆ 2 ಕೋಟಿ ಲೀಟರ್. ಅದು ಹೊಲವಾಗಿದ್ದಾಗ ಬಹುಪಾಲು ನೆಲಕ್ಕಿಳಿದು ಉಳಿದದ್ದು ನಿಧಾನವಾಗಿ ಹಳ್ಳ ಸೇರುತ್ತಿತ್ತು. ಈಗ ತಾರಸಿ ಮತ್ತು ಡಾಂಬರಿನ ಮೇಲೆ ಬಿದ್ದು ಅರ್ಧ ಗಂಟೆಯಲ್ಲಿ ತಗ್ಗಿಗೆ ಬರುತ್ತದೆ. ಆ ತಗ್ಗಿನಲ್ಲಿ ನಿಮ್ಮ ಮನೆ ಇರಬಾರದು.

ನಾನೇ ಹಿಂದೊಮ್ಮೆ ಏಪ್ರಿಲ್ ತಿಂಗಳಲ್ಲಿ ನೋಡಿ ಮೆಚ್ಚಿಕೊಂಡು ಮುಂಗಡ ಕೊಟ್ಟಿದ್ದ ನಿವೇಶನವೊಂದಕ್ಕೆ ಅಕ್ಟೋಬರಿನಲ್ಲಿ ಹೋದಾಗ, ಗಡಿಕಲ್ಲುಗಳ ತಲೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಮುಂಗಡ ಹಿಂದಿರುಗಲಿಲ್ಲ. ನಮ್ಮ ಭಾಗದಲ್ಲಿ ಮೇ ತಿಂಗಳ ಗುಡುಗು ಮಳೆಯೂ ಸೆಪ್ಟೆಂಬರ್–ಅಕ್ಟೋಬರಿನ ಮಳೆಯೂ ಜೋರು. ಆದ್ದರಿಂದ ಒಂದು ದೊಡ್ಡ ಮಳೆಯಾದ ಮರುದಿನ ಬೆಳಿಗ್ಗೆ ಎರಡೂ ಕಡೆ ಹೋಗಿ ಬನ್ನಿ. ಅಲ್ಲಿಯವರೆಗೆ ಕಾಯಲು ಒಪ್ಪದ ಮಾರಾಟಗಾರನ ಅವಸರದಲ್ಲೇ ಅರ್ಧ ಉತ್ತರವಿದೆ.

ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ನೆಲದ ಗುರುತುಗಳನ್ನು ನೋಡಿ. ಜೊಂಡು, ಹೊನಗೊನ್ನೆ ಬೆಳೆದ ಕಡೆ ನೀರು ನಿಲ್ಲುತ್ತದೆ. ಸುತ್ತಲಿನ ಕಾಂಪೌಂಡ್ ಗೋಡೆಗಳಲ್ಲಿ ಒಂದೇ ಮಟ್ಟದಲ್ಲಿ ಕೆಸರಿನ ಗೆರೆಯಿದೆಯೇ, ಮೊದಲೇ ಮನೆ ಕಟ್ಟಿದವರು ಗೇಟಿಗೆ ಅಡ್ಡಲಾಗಿ ಸಿಮೆಂಟಿನ ಕಟ್ಟೆ ಹಾಕಿಕೊಂಡಿದ್ದಾರೆಯೇ ಎಂದು ಗಮನಿಸಿ. ಎಲ್ಲಕ್ಕಿಂತ ಮಿಗಿಲಾಗಿ ಹಳ್ಳಿಯೊಳಗೆ ಹೋಗಿ ವಯಸ್ಸಾದವರೊಬ್ಬರನ್ನು ಆ ಹೊಲದ ಹೆಸರೇನಿತ್ತು ಎಂದು ಕೇಳಿ. ಬಡಾವಣೆಗೆ ಹೂವಿನ ಹೆಸರೋ ದೇವರ ಹೆಸರೋ ಇರಬಹುದು. ಊರಿನವರ ಬಾಯಲ್ಲಿ ಅದು ಇನ್ನೂ ‘ಕೋಡಿಹೊಲ’ ಅಥವಾ ‘ಹಳ್ಳದ ಗದ್ದೆ’ ಆಗಿದ್ದರೆ ಅಷ್ಟು ಸಾಕು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ದಾರಿಗಳನ್ನು ಗುರುತಿಸಿರುತ್ತಾರೆ. ‘ದಿಶಾಂಕ್’ ಆ್ಯಪ್ ತೆರೆದು ನಿವೇಶನದ ನಡುವೆ ನಿಂತರೆ ನೀವು ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಮೊಬೈಲಿನ ಗುರುತು ಕೆಲವು ಮೀಟರ್ ಆಚೀಚೆ ಆಗುವುದರಿಂದ ಅದನ್ನು ಸುಳಿವಾಗಿ ಮಾತ್ರ ಬಳಸಿ, ಗಡಿಯನ್ನು ಸರ್ವೆಯರಿಂದಲೇ ಅಳೆಸಿ.

ದಿಬ್ಬದ ನಿವೇಶನಕ್ಕೂ ತನ್ನ ದೋಷಗಳಿವೆ. ಇಳಿಜಾರನ್ನು ಮಟ್ಟ ಮಾಡುವಾಗ ಮೇಲಿನ ಅರ್ಧವನ್ನು ಕಡಿದು ಆ ಮಣ್ಣನ್ನು ಕೆಳಗಿನ ಅರ್ಧಕ್ಕೆ ಸುರಿಯುತ್ತಾರೆ. ಹಾಗಾದ ನಿವೇಶನದಲ್ಲಿ ಮನೆಯ ಒಂದು ಭಾಗ ಹುಟ್ಟುನೆಲದ ಮೇಲೆ, ಇನ್ನೊಂದು ತುಂಬಿದ ಮಣ್ಣಿನ ಮೇಲೆ ನಿಂತು ನಡುವೆ ಬಿರುಕು ಬಿಡುತ್ತದೆ. ತಳಪಾಯವನ್ನು ಎರಡೂ ಬದಿಯಲ್ಲಿ ಹುಟ್ಟುನೆಲಕ್ಕೆ ಇಳಿಸಬೇಕು, ಕೆಳಬದಿಗೆ ಕಲ್ಲಿನ ತಡೆಗೋಡೆ ಬೇಕು, ಅದಕ್ಕೆ ಹಣ ತೆಗೆದಿಡಬೇಕು. ನಿವೃತ್ತಿಯ ನಂತರ ಹಾಲಿಗೂ ಔಷಧಿಗೂ ಮೂರು ಕಿಲೋಮೀಟರ್ ಬರಬೇಕಾದ ಕಷ್ಟವೂ ಸಣ್ಣದಲ್ಲ. ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ಸಂಜೆ ಏಳರ ಹೊತ್ತಿಗೆ ನೀವೇ ಹೋಗಿ ನೋಡಿ. ಇವೆಲ್ಲಕ್ಕೂ ಖರ್ಚು ಮಾಡಿ ಪರಿಹಾರ ಕಂಡುಕೊಳ್ಳಬಹುದು. ತಗ್ಗಿಗೆ ಬರುವ ನೀರನ್ನು ಒಬ್ಬರ ಖರ್ಚಿನಲ್ಲಿ ತಡೆಯಲಾಗದು. ಕೆರೆಯ ನೋಟಕ್ಕೆ ಬೆಳಗಿನ ವಾಯುವಿಹಾರಕ್ಕೆ ಹೋಗಬಹುದೆಂದು ಮನೆಯವರಿಗೆ ಹೇಳಿ.

ಪ್ರಶ್ನೆ: ಮಂಡ್ಯ ನಗರದ ಹೊರಗೆ ನಾಲೆಯ ಬಯಲಿನಲ್ಲಿ ಹೊಸ ಬಡಾವಣೆಯಾಗಿದೆ. ಮೊದಲು ಭತ್ತದ ಗದ್ದೆ. ನಾಲ್ಕು ಅಡಿ ಮಣ್ಣು ತುಂಬಿಸಿ ರಸ್ತೆ ಮಾಡಿದ್ದಾರೆ. ಮಣ್ಣು ಗಟ್ಟಿಯಾಗಿದೆ, ಮೂರು ಅಂತಸ್ತು ಕಟ್ಟಬಹುದು ಎನ್ನುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಮೇಲಿನ ನಾಲ್ಕು ಅಡಿ ಗಟ್ಟಿಯಾಗಿ ಕಾಣುವುದು ಲಾರಿ ಓಡಾಡಿದ್ದರಿಂದ. ಅದರ ಕೆಳಗೆ ತಲೆಮಾರುಗಳ ಕಾಲ ಕೆಸರುಗದ್ದೆ ಮಾಡಿದ ಮಣ್ಣಿದೆ. ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೆಲದಡಿಯ ನೀರಿನ ಮಟ್ಟ ಮಳೆಯಷ್ಟೇ ನಾಲೆಯ ನೀರಿಗೂ ಕಟ್ಟುಬಿದ್ದಿರುತ್ತದೆ. ನಾಲೆ ಬಂದ್ ಆಗಿರುವ ತಿಂಗಳಲ್ಲಿ ಹೋದರೆ ಎಲ್ಲವೂ ಒಣಗಿಯೇ ಇರುತ್ತದೆ. ನೀರು ಬಿಟ್ಟು ಮೂರು ನಾಲ್ಕು ವಾರಗಳಾದ ಮೇಲೆ ನಿವೇಶನದಲ್ಲಿ ಆರೇಳು ಅಡಿ ಆಳದ ಗುಂಡಿ ತೋಡಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಎಷ್ಟು ನೀರು ಒಸರಿದೆ ಎಂದು ನೋಡಿ. ಮಾರುವವನು ಗುಂಡಿ ತೋಡಲು ಬಿಡದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ.

ಗುಂಡಿಯಲ್ಲಿ ಬಂದ ಕೆಳಗಿನ ಮಣ್ಣು ಕಪ್ಪಗೆ ಅಂಟಂಟಾಗಿದ್ದು ಒಣಗಿದಾಗ ಬಾಯಿಬಿಟ್ಟರೆ ಅದು ಎರೆ. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು ಅದರ ಗುಣ. ಪ್ರತಿ ವರ್ಷ ಹೀಗೆ ಎತ್ತಿ ಇಳಿಸುವುದರಿಂದಲೇ ಗೋಡೆಗಳಲ್ಲಿ ಓರೆಯಾದ ಬಿರುಕುಗಳು ಬರುತ್ತವೆ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಒಂದೇ ಅಳತೆಯ ಪುಡಿಮಣ್ಣನ್ನು ಒಂದು ಕೊಳವೆಯಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ 24 ಗಂಟೆ ಇಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಅರ್ಧದಷ್ಟು ಹೆಚ್ಚು ಉಬ್ಬಿದರೆ ಸಾಮಾನ್ಯ ಸೈಜುಗಲ್ಲಿನ ತಳಪಾಯವನ್ನು ಮರೆತುಬಿಡಬೇಕು. ಅಂಥಲ್ಲಿ ಎಂಜಿನಿಯರರ ಲೆಕ್ಕಾಚಾರದಂತೆ ತುಂಬುಮಣ್ಣನ್ನೂ ಎರೆಯನ್ನೂ ದಾಟಿ ಆಳಕ್ಕಿಳಿಯುವ ಕಂಬಗಳ ತಳಪಾಯವೇ ಬೇಕು, ಅದರ ಖರ್ಚನ್ನು ನಿವೇಶನದ ಬೆಲೆಗೆ ಸೇರಿಸಿಯೇ ಹೋಲಿಸಿ ನೋಡಬೇಕು. ಅಗ್ಗವೆಂದುಕೊಂಡ ಗದ್ದೆಯ ನಿವೇಶನ ಆಗ ಅಗ್ಗವಾಗಿ ಉಳಿಯುವುದು ಅಪರೂಪ. ನೆಲದ ನೀರು ಮೇಲಿರುವ ಕಡೆ ಸಂಪು ಖಾಲಿಯಾದಾಗ ಕೆಳಗಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ ಎಂಬುದನ್ನೂ ಎಂಜಿನಿಯರರಿಗೆ ನೆನಪಿಸಿ.

ಗದ್ದೆಬಯಲಿನಲ್ಲಿ ಇನ್ನೊಂದು ತೊಡಕಿದೆ. ತೂಬಿನಿಂದ ಹೊರಟ ಕಾಲುವೆ ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ ಹೋಗುತ್ತದೆ, ಬಸಿಗಾಲುವೆಯೂ ಹಾಗೆಯೇ. ನಡುವೆ ಬಡಾವಣೆ ಎದ್ದು ಅವನ್ನು ಮುಚ್ಚಿದರೆ ಮೇಲಿನ ರೈತರ ನೀರು ನಿಮ್ಮ ರಸ್ತೆಗೆ ಬರುತ್ತದೆ, ಕೆಳಗಿನ ರೈತರು ಜಗಳಕ್ಕೆ ಬರುತ್ತಾರೆ. ಅವರ ಕಡೆ ನ್ಯಾಯವಿದೆ.

ಪ್ರಶ್ನೆ: ನಾವು ನೋಡಿದ ನಿವೇಶನಕ್ಕೆ ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶವಿದೆ, ಪಂಚಾಯಿತಿಗೆ ಕಂದಾಯ ಕಟ್ಟಿದ ರಸೀದಿಯಿದೆ, ಬ್ಯಾಂಕಿನವರು ಸಾಲವನ್ನೂ ಕೊಡುತ್ತಾರಂತೆ. ಇನ್ನೇನು ನೋಡಬೇಕು?
— ಓದುಗರೊಬ್ಬರು, ನಂಜನಗೂಡು

ಉತ್ತರ: ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 95ನೇ ಕಲಮಿನ ಭೂಪರಿವರ್ತನೆ ಹೇಳುವುದು ಇಷ್ಟೇ: ಬೇಸಾಯದ ಈ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬಹುದು. ಅದನ್ನು ಎಷ್ಟು ನಿವೇಶನ ಮಾಡಬೇಕು, ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ ಎಂಬುದನ್ನು ತೀರ್ಮಾನಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಯೋಜನಾ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ. ಪರಿವರ್ತನೆಯ ಕಾಗದವೊಂದನ್ನೇ ತೋರಿಸಿ ‘ಡಿ.ಸಿ. ಸೈಟು’ ಎಂದು ಮಾರಿದ ಎಷ್ಟೋ ತುಂಡುಗಳು ಇವತ್ತಿಗೂ ಕಂದಾಯ ನಿವೇಶನಗಳಾಗಿಯೇ, ಅಂದರೆ ಅನುಮೋದಿತ ನಕ್ಷೆಯಿಲ್ಲದವಾಗಿಯೇ ಉಳಿದಿವೆ. ನಕ್ಷೆಯ ಪ್ರತಿಯನ್ನು ಮಾರುವವರ ಕೈಯಿಂದ ಪಡೆಯದೆ, ಹಿಂದೆ ಮುಡಾ ಎನ್ನುತ್ತಿದ್ದ, ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿರುವ ಕಚೇರಿಯಲ್ಲೇ ಕೇಳಿ ಪಡೆದು, ನೆಲದ ಮೇಲಿನ ಕಲ್ಲುಗಳೊಂದಿಗೆ ಹೋಲಿಸಿ. ನಕ್ಷೆಯಲ್ಲಿ ಉದ್ಯಾನವಾಗಿದ್ದದ್ದು ನಿಮಗೆ ತೋರಿಸಿದ ಮೂಲೆ ನಿವೇಶನವಾಗಿರಬಾರದು. ಮಹಾಯೋಜನೆಯಲ್ಲಿ ಅದರ ಮೇಲೆ ಮುಂದಿನ ರಸ್ತೆಯ ಗೆರೆ ಹಾದಿದೆಯೇ ಎಂಬುದನ್ನೂ ಅಲ್ಲೇ ಕೇಳಬಹುದು.

ಕಂದಾಯದ ರಸೀದಿ ಹಕ್ಕನ್ನು ಕೊಡುವುದಿಲ್ಲ. ಪಂಚಾಯಿತಿಯ ನಮೂನೆ 9 ಮತ್ತು 11ಎ ಅನುಮೋದನೆಯಿರುವ ಸ್ವತ್ತಿಗೆ, 11ಬಿ ಅದಿಲ್ಲದ ಸ್ವತ್ತಿಗೆ. 11ಬಿಯಲ್ಲಿ ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಅನುಮೋದನೆಯಿಲ್ಲದ ಸ್ವತ್ತು ಅನುಮೋದಿತವಾಗದು. ಬ್ಯಾಂಕಿನ ವಿಷಯದಲ್ಲೂ ಹಾಗೆಯೇ. ಬ್ಯಾಂಕು ತನ್ನ ಸಾಲದ ಭದ್ರತೆಯನ್ನು ನೋಡಿಕೊಳ್ಳುತ್ತದೆ. ನಿಮ್ಮ ಮೇಲೆ ದಾವೆ ಬಿದ್ದ ದಿನವೂ ಕಂತು ಕಟ್ಟಬೇಕಾದವರು ನೀವೇ.

ಇನ್ನು ಜಮೀನಿನ ಪೂರ್ವಕಥೆ. ಋಣಭಾರ ಪತ್ರವನ್ನು ಮೂವತ್ತು ವರ್ಷಕ್ಕೆ ತೆಗೆಸುವ ವಾಡಿಕೆಯಿದೆ, ಅದು ಒಳ್ಳೆಯದೇ. ಆದರೆ ನೋಂದಣಿಯಾಗದ ಸಂಗತಿಗಳು ಅದರಲ್ಲಿ ಬರುವುದಿಲ್ಲ. ಆದ್ದರಿಂದ ಕೈಬರಹದ ಹಳೆಯ ಪಹಣಿಗಳಿಂದ ಹಿಡಿದು ಇತ್ತೀಚಿನವರೆಗೆ ಎಲ್ಲವನ್ನೂ ತರಿಸಿ, ಹೆಸರು ಬದಲಾದ ಪ್ರತಿ ಕಡೆಯಲ್ಲೂ ಯಾವ ಮ್ಯುಟೇಷನ್ನಿಂದ ಬದಲಾಯಿತು ಎಂದು ವಕೀಲರಿಂದ ಓದಿಸಿ. ಮೂಲದಲ್ಲಿ ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದ ಪರಭಾರೆ ಊರ್ಜಿತವಾಗದು; ಅದನ್ನು ಪ್ರಶ್ನಿಸುವ ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಬಡವರಿಗೆ ಕೊಟ್ಟ ನೆಲ ಬಡವರಿಗೇ ಉಳಿಯಲಿ ಎಂದು ಮಾಡಿದ ಕಾಯ್ದೆ ಅದು, ಅದನ್ನು ಕಿರಿಕಿರಿ ಎಂದು ಬಗೆಯುವುದು ತಪ್ಪು. ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳ ಸಹಿಯೂ ಕ್ರಯಪತ್ರದಲ್ಲಿದೆಯೇ ನೋಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಅವರ ಪಾಲು ಗಂಡುಮಕ್ಕಳ ಪಾಲಿಗೆ ಸಮ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಣ್ಣತಮ್ಮಂದಿರು ಮಾರಿದ ಜಮೀನುಗಳ ದಾವೆಗಳು ನ್ಯಾಯಾಲಯಗಳಲ್ಲಿ ಎಷ್ಟಿವೆಯೆಂದು ಯಾವ ವಕೀಲರನ್ನು ಬೇಕಾದರೂ ಕೇಳಿ. ಜಿ.ಪಿ.ಎ. (ಸಾಮಾನ್ಯ ಅಧಿಕಾರಪತ್ರ) ಮೇಲಿನ ಮಾರಾಟ ಹಕ್ಕು ವರ್ಗಾಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಜಮೀನು 500 ಚದರ ಮೀಟರಿಗಿಂತ ಹೆಚ್ಚಿದ್ದರೆ ಬಡಾವಣೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಿರಬೇಕು. ಅದರ ಜಾಲತಾಣದಲ್ಲಿ ನಕ್ಷೆಯೂ ಕೆಲಸದ ಗಡುವೂ ಸಿಗುತ್ತವೆ. ಜಮೀನಿನ ಮೇಲೆ ಹೈಟೆನ್ಷನ್ ತಂತಿ ಹಾದಿದ್ದರೆ 66 ಕಿಲೋವೋಲ್ಟಿಗೆ 18 ಮೀಟರ್, 220ಕ್ಕೆ 35 ಮೀಟರ್ ಅಗಲದ ಪಟ್ಟಿಯನ್ನು ಖಾಲಿ ಬಿಡಬೇಕೆಂಬುದು ನಿಮ್ಮ ಲೆಕ್ಕದಲ್ಲಿರಲಿ.

ಪ್ರಶ್ನೆ: ಪೂರ್ವ ದಿಕ್ಕಿನ ನಿವೇಶನಕ್ಕೆ ಚದರಡಿಗೆ ಹೆಚ್ಚು ಕೇಳುತ್ತಾರೆ. ಕೊಡಬಹುದೇ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ನಂಬಿಕೆಯಿದ್ದು ಕೈಯಲ್ಲಿ ಹಣವಿದ್ದರೆ ಕೊಡಿ. ಬಾಗಿಲು ಎತ್ತ ಮುಖ ಮಾಡಿದರೂ ಪಶ್ಚಿಮದ ಗೋಡೆಗೆ ಬೇಸಿಗೆಯ ಮಧ್ಯಾಹ್ನದ ಬಿಸಿಲು ಹೊಡೆಯುವುದು ತಪ್ಪುವುದಿಲ್ಲ, ಮುಂಗಾರಿನ ಗಾಳಿ ಬರುವುದೂ ಆ ಕಡೆಯಿಂದಲೇ. ಅದೇ ಹಣದಲ್ಲಿ ಪಶ್ಚಿಮಕ್ಕೆ ಎರಡು ಹೊಂಗೆ ಮರ ನೆಟ್ಟು ಅಗಲವಾದ ಸಜ್ಜ ಹಾಕಿಸಬಹುದು.

ಪ್ರಶ್ನೆ: ಹತ್ತು ವರ್ಷದ ಹಿಂದೆ ಆದ ಖಾಸಗಿ ಬಡಾವಣೆಯೊಂದರಲ್ಲಿ ಮರುಮಾರಾಟದ ನಿವೇಶನ ಸಿಗುತ್ತಿದೆ. ದಾಖಲೆಗಳೆಲ್ಲ ಸರಿಯಿವೆ. ಆದರೆ ಅಲ್ಲಿನವರು ಟ್ಯಾಂಕರ್ ನೀರು ತರಿಸುವುದನ್ನು ನೋಡಿದೆವು. ಮುಂದೆ ಸರಿಹೋಗುತ್ತದೆ ಎನ್ನುತ್ತಾರೆ.
— ಓದುಗರೊಬ್ಬರು, ಮೈಸೂರು

ಉತ್ತರ: ಹತ್ತು ವರ್ಷದಲ್ಲಿ ಸರಿಹೋಗದ್ದು ಯಾವ ಕಾರಣಕ್ಕೆ ಎಂಬುದನ್ನು ಮೊದಲು ತಿಳಿಯಬೇಕು. ಬಡಾವಣೆ ಮಾಡಿದವರು ರಸ್ತೆ, ಚರಂಡಿ, ಉದ್ಯಾನಗಳನ್ನು ಪೂರ್ಣಗೊಳಿಸಿ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸದಿದ್ದರೆ ಅಲ್ಲಿ ನೀರು, ಬೀದಿದೀಪ, ಕಸದ ಗಾಡಿ ಯಾವುದಕ್ಕೂ ಹೊಣೆಗಾರರಿರುವುದಿಲ್ಲ. ಇದರ ಮೇಲೆ ಊರಂಚಿನ ಆಡಳಿತವೇ ಬದಲಾಗುತ್ತಿದೆ. 2020ರ ಸುಮಾರಿಗೆ ಹೂಟಗಳ್ಳಿ ನಗರಸಭೆಯೂ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳೂ ಆದವು. ಆದ್ದರಿಂದ ನಿಮ್ಮ ಬಡಾವಣೆ ಇಂದು ಯಾರ ಸುಪರ್ದಿನಲ್ಲಿದೆ, ಹಸ್ತಾಂತರದ ಪತ್ರವಿದೆಯೇ ಎಂದು ಆಯಾ ಕಚೇರಿಯಲ್ಲೇ ಕೇಳಿ. ಮೈಸೂರಿಗೆ ಕುಡಿಯುವ ನೀರು ಕಾವೇರಿಯ ಹೊಂಗಳ್ಳಿ, ಬೆಳಗೊಳ, ಮೇಳಾಪುರ ಹಾಗೂ ಕಬಿನಿಯ ಬಿದರಗೂಡಿನಿಂದ ಬರುತ್ತದೆ. ನಿಮ್ಮ ರಸ್ತೆಯ ತುದಿಗೆ ಪೈಪು ಬಂದಿದೆ ಎಂಬುದಷ್ಟೇ ಸಾಲದು, ಆ ಪೈಪಿನಲ್ಲಿ ವಾರಕ್ಕೆ ಎಷ್ಟು ಗಂಟೆ ನೀರು ಬರುತ್ತದೆ ಎಂಬುದನ್ನು ಅಲ್ಲಿ ವಾಸವಿರುವ ಮೂರು ಮನೆಗಳ ಹೆಂಗಸರನ್ನು ಬೇರೆಬೇರೆಯಾಗಿ ಕೇಳಿ. ಗಂಡಸರು ನಿವೇಶನದ ಬೆಲೆ ಇಳಿದೀತೆಂದು ಅಳೆದು ಮಾತಾಡುವುದನ್ನು ಕಂಡಿದ್ದೇನೆ.

ಕೊಳಚೆಯದು ಇದಕ್ಕಿಂತ ಕಷ್ಟದ ವಿಷಯ, ಅದನ್ನು ಕೇಳುವವರೂ ಕಡಿಮೆ. ನಗರದ ಒಳಚರಂಡಿ ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಮೂರು ಶುದ್ಧೀಕರಣ ಘಟಕಗಳಿಗೆ ಹೋಗುತ್ತದೆ. ಅಲ್ಲಿಗೆ ಸೇರದ ಬಡಾವಣೆಯಲ್ಲಿ ಕೊಳವೆಗಳು ಇದ್ದರೂ ಅವು ಹತ್ತಿರದ ಹಳ್ಳದಲ್ಲಿ ಬಾಯಿ ತೆರೆದಿರುತ್ತವೆ, ಇಲ್ಲವಾದರೆ ಪ್ರತಿ ಮನೆಗೂ ಇಂಗುಗುಂಡಿ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ 18 ಮೀಟರ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. 30–40ರ ನಿವೇಶನದ ಉದ್ದವೇ 12 ಮೀಟರ್. ನಿಮ್ಮ ಗುಂಡಿ ನಿಮ್ಮ ಕೊಳವೆಬಾವಿಗೂ ಪಕ್ಕದವರದಕ್ಕೂ ಹತ್ತಿರವೇ ಆಗುತ್ತದೆ. ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿ ಒಳಗೆ ಹರಿವಿದೆಯೇ ನೋಡಿ, ಆ ಸಾಲನ್ನು ಹಿಡಿದು ಅದು ಮುಗಿಯುವವರೆಗೆ ನಡೆದು ಬನ್ನಿ.

ಇಷ್ಟಾದ ಮೇಲೂ ಜಾಗ ಹಿಡಿಸಿದರೆ ಮಳೆನೀರಿನ ಲೆಕ್ಕ ಹೇಳುತ್ತೇನೆ. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ 74 ಸಾವಿರ ಲೀಟರ್ ಬೀಳುತ್ತದೆ, ಸೋರಿಕೆ ಕಳೆದು 60 ಸಾವಿರ ಹಿಡಿಯಬಹುದು. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನಕ್ಕೆ ಅದು ಸುಮಾರು 110 ದಿನಗಳ ನೀರು. ಉಳಿದ ಎಂಟು ತಿಂಗಳು ಟ್ಯಾಂಕರಿನವನ ಫೋನಿಗೆ ಕಾಯಬೇಕು. ಆ ಖರ್ಚನ್ನು ಹತ್ತು ವರ್ಷಕ್ಕೆ ಗುಣಿಸಿ, ಮಾರುವವರ ಮುಂದಿಟ್ಟು ಬೆಲೆ ಮಾತಾಡಿ.

ಪ್ರಶ್ನೆ: ನಾನು ಮೈಸೂರು ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯ. ಮನೆಯಿಲ್ಲದವರಿಗೆ ನಿವೇಶನ ಕೊಡಲು ಮೂರು ಜಾಗಗಳ ಮಾತು ನಡೆದಿದೆ: ರಸ್ತೆಬದಿಯಲ್ಲಿ ಕಸ ಸುರಿದು ತುಂಬಿರುವ ಹಳೆಯ ಕಲ್ಲುಕೋರೆ, ಊರ ಗುಂಡುತೋಪು, ಒಂದೂವರೆ ಕಿಲೋಮೀಟರ್ ದೂರದ ಗೋಮಾಳ. ಯಾವುದಕ್ಕೆ ಒತ್ತಾಯಿಸಲಿ?
— ಓದುಗರೊಬ್ಬರು, ಮೈಸೂರು ತಾಲ್ಲೂಕು

ಉತ್ತರ: ಕೋರೆಯನ್ನು ಮೊದಲೇ ಕೈಬಿಡಿ. ತುಂಬಿದ ಕಸ ಕೊಳೆಯುತ್ತ ವರ್ಷಗಟ್ಟಲೆ ಕುಸಿಯುತ್ತದೆ, ಉರಿಯುವ ಅನಿಲವನ್ನೂ ಬಿಡುತ್ತದೆ. ಆಳವಾದ ತಳಪಾಯ ಹಾಕಿಸುವ ಶಕ್ತಿಯಿಲ್ಲದವರಿಗೇ ಅಂಥ ನೆಲ ಕೊಡುವುದು ಅನ್ಯಾಯ. ಗುಂಡುತೋಪು ಊರಿಗೆಲ್ಲ ಸೇರಿದ್ದು. ಊರೊಟ್ಟಿನ ಇಂಥ ನೆಲಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ರಾಜ್ಯಗಳಿಗೆಲ್ಲ ನಿರ್ದೇಶಿಸಿದೆ.

ಗೋಮಾಳದಲ್ಲೂ ಲೆಕ್ಕವಿದೆ. ಭೂಕಂದಾಯ ನಿಯಮಗಳು 1966ರ 97ನೇ ನಿಯಮದಂತೆ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ನೆಲ ಉಳಿಯಬೇಕು. ನಿಮ್ಮೂರಿನ ಜಾನುವಾರು ಗಣತಿಯನ್ನು ತರಿಸಿ, ಹೆಚ್ಚುವರಿ ಇದ್ದರೆ ಮಾತ್ರ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಪ್ರಸ್ತಾವ ಕಳಿಸಿ. ಹೆಚ್ಚುವರಿ ಇಲ್ಲವೆಂದಾದರೆ ಊರಿಗೆ ಅಂಟಿಕೊಂಡ ಖುಷ್ಕಿ ಜಮೀನನ್ನು ಸರ್ಕಾರ ಕೊಂಡು ಕೊಡಲಿ ಎಂದು ಕೇಳುವುದೇ ನೇರವಾದ ದಾರಿ. ಒಂದೂವರೆ ಕಿಲೋಮೀಟರ್ ದೂರದಲ್ಲಿ ನಿವೇಶನ ಕೊಟ್ಟು, ಅಲ್ಲಿಗೆ ನೀರಿಲ್ಲ, ಶಾಲೆಯಿಲ್ಲ, ರಾತ್ರಿ ದೀಪವಿಲ್ಲವೆಂದು ಫಲಾನುಭವಿಗಳು ಮನೆ ಕಟ್ಟದೆ ಬಿಟ್ಟಿರುವ ಬಯಲುಗಳನ್ನು ನೀವೂ ನೋಡಿರುತ್ತೀರಿ. ಗೋಮಾಳವನ್ನೇ ಆರಿಸುವುದಾದರೆ ಗ್ರಾಮಸಭೆಗೆ ಮುಂಚೆ ದನ ಕಾಯುವವರೊಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗಿ. ಮಳೆಗಾಲದಲ್ಲಿ ದನಗಳು ಎಲ್ಲಿ ಮಲಗುವುದಿಲ್ಲ ಎಂದು ಅವರು ತೋರಿಸುವ ಭಾಗವನ್ನು ನಕ್ಷೆಯಲ್ಲಿ ಗುರುತು ಹಾಕಿಸಿ, ಅಲ್ಲಿ ನಿವೇಶನ ಬೇಡವೆಂದು ನಡಾವಳಿಯಲ್ಲಿ ಬರೆಸಿ.